ಅರಿಶಿನ, ಚೆಂಡು ಹೂವು ಮತ್ತು ಲ್ಯಾಬ್ ರಿಪೋರ್ಟು: ಬರೀ ತೂಕ ನೋಡಿ ಮಾರಿದ್ದು ಸಾಕು

ಜುಲೈ, ಆಗಸ್ಟಲ್ಲಿ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ರಸ್ತೆಯ ಎರಡೂ ಬದಿ ನೋಡಿದವರಿಗೆ ಗೊತ್ತು. ಕಣ್ಣು ಹಾಯಿಸಿದಷ್ಟು ದೂರ ಚೆಂಡು ಹೂವು. ಊಟಿಗೆ ಹೋಗೋರು ಕಾರು ನಿಲ್ಲಿಸಿ ಫೋಟೋ ತೆಗೀತಾರೆ. ಕೆಲವು ಕಡೆ ಹೊಲದವರು ಸೆಲ್ಫಿಗೆ ದುಡ್ಡು ಕೇಳೋದನ್ನೂ ಕಲಿತಿದ್ದಾರೆ. ತಪ್ಪೇನಿಲ್ಲ ಬಿಡಿ, ಗಿಡ ತುಳಿಯೋರಿಗೆ ಅಷ್ಟಾದರೂ ಬಿಸಿ ಮುಟ್ಟಲಿ. ಹೋದ ಸಲ ಒಬ್ಬರು ಕಾರಿನಿಂದ ಇಳಿದು ಕೇಳಿದರು, ‘ಇಷ್ಟೊಂದು ಹೂವು ಯಾವ ದೇವಸ್ಥಾನಕ್ಕೆ ಹೋಗುತ್ತೆ?’ ಅಂತ. ದೇವಸ್ಥಾನಕ್ಕಲ್ಲ ಸಾರ್, ಫ್ಯಾಕ್ಟರಿಗೆ ಅಂದೆ. ‘ಫ್ಯಾಕ್ಟರಿಯಲ್ಲಿ ಏನು ಮಾಡ್ತಾರೆ?’ ಅಂದರು. ‘ಬಣ್ಣ ತೆಗೀತಾರೆ’ ಅಂದು ಸುಮ್ಮನಾದೆ.

ಆ ಉತ್ತರ ಅರ್ಧ ಮಾತ್ರ ಸರಿ ಅನ್ನೋದು ನನಗೆ ಆಮೇಲೆ ತಿಳಿದದ್ದು. ಉಳಿದರ್ಧ ಗೊತ್ತಿಲ್ಲದೆ ಎಷ್ಟೋ ವರ್ಷ ಹೂವು ಮಾರಿದ್ದೇವೆ. ಅರಿಶಿನದ ಕತೆಯೂ ಅದೇ. ಚಾಮರಾಜನಗರ ಜಿಲ್ಲೆಯಲ್ಲಿ ನಾವು ಬೆಳೆಯುವ ಈ ಎರಡು ಬೆಳೆಗಳ ಮೇಲೆ ಸಸ್ಯ ವಿಜ್ಞಾನಿಗಳು, ಸರ್ಜನ್‌ಗಳು, ಔಷಧ ಕಂಪನಿಯ ಎಂಜಿನಿಯರುಗಳು ಹತ್ತಾರು ವರ್ಷದಿಂದ ಕೆಲಸ ಮಾಡಿದ್ದಾರೆ. ಅದರ ಫಲಿತಾಂಶ ಪೇಪರುಗಳಲ್ಲಿದೆ, ಪೇಟೆಂಟುಗಳಲ್ಲಿದೆ, ಮಾತ್ರೆಯ ಡಬ್ಬಿಯ ಮೇಲೂ ಇದೆ. ಬೆಳೆದವನ ತಲೆಯಲ್ಲಿ ಮಾತ್ರ ಇಲ್ಲ. ಇದರಿಂದ ನಮಗೆ ಎರಡು ಕಡೆ ನಷ್ಟ. ಒಂದು ದುಡ್ಡಿನದು, ಇನ್ನೊಂದು ಆರೋಗ್ಯದ್ದು. ಎರಡನ್ನೂ ಹೇಳ್ತೀನಿ.

ಹೂವಿನೊಳಗೆ ಇರೋದೇನು

ಚೆಂಡು ಹೂವಿನ ದಳದಲ್ಲಿರೋ ಬಣ್ಣದ ಮುಖ್ಯ ವಸ್ತು ಲ್ಯೂಟೀನ್. ಇದು ಬರೀ ಚೆಂಡು ಹೂವಿನ ಸೊತ್ತಲ್ಲ, ಎಲ್ಲಾ ಹಸಿರು ಎಲೆಯಲ್ಲೂ ಇದೆ. ಬಿಸಿಲು ಜಾಸ್ತಿಯಾದಾಗ ಎಲೆಗೆ ಪೆಟ್ಟಾಗದಂತೆ ಕಾಯೋದು ಅದರ ಕೆಲಸ. ಎಲೆಯಲ್ಲಿ ಹಸಿರಿನ ಮರೆಯಲ್ಲಿ ಅಡಗಿರುತ್ತೆ. ಚೆಂಡು ಹೂವಿನ ದಳದಲ್ಲಿ ಆ ಮರೆ ಇಲ್ಲ, ಜೊತೆಗೆ ಗಿಡ ಅದನ್ನ ಕೊಬ್ಬಿನಾಮ್ಲಕ್ಕೆ ಅಂಟಿಸಿ ದಾಸ್ತಾನು ಮಾಡಿಡುತ್ತೆ. ತೆಳು ಹಳದಿ ಹೂವಿಗೂ ಕಡು ಕೇಸರಿ ಹೂವಿಗೂ ಇರೋ ವ್ಯತ್ಯಾಸ ಬೇರೆ ಬೇರೆ ಬಣ್ಣದ್ದಲ್ಲ, ಬಹುಪಾಲು ಅದೇ ಲ್ಯೂಟೀನ್ ಎಷ್ಟಿದೆ ಅನ್ನೋದು. ಅದಕ್ಕೇ ಕಂಪನಿಯವರು ಕೊಡೋ ಬೀಜ ಕಡು ಕೇಸರಿಯದ್ದೇ ಆಗಿರುತ್ತೆ.

ಕಿತ್ತ ಹೂವು ಫ್ಯಾಕ್ಟರಿಗೆ ಹೋದ ಮೇಲೆ ನಾವು ದನಕ್ಕೆ ಸೈಲೇಜ್ ಮಾಡೋ ಹಾಗೆಯೇ ಅದನ್ನ ಗಾಳಿಯಾಡದಂತೆ ಒತ್ತಿ ಕೆಲವು ದಿನ ಹುದುಗು ಬರಿಸ್ತಾರೆ. ಜೀವಕೋಶದ ಗೋಡೆ ಮೆತ್ತಗಾಗುತ್ತೆ. ಆಮೇಲೆ ನೀರು ಹಿಂಡಿ, ಒಣಗಿಸಿ, ಪುಡಿ ಮಾಡಿ, ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ತೊಳೆದರೆ ಎಣ್ಣೆಯಂಥ ಗಟ್ಟಿ ರಸ ಬರುತ್ತೆ. ಇದೇ ಓಲಿಯೋರೆಸಿನ್. ಕೋಳಿ ಮೇವಿಗೆ ಹೋಗೋದಾದರೆ ಹೆಚ್ಚು ಶುದ್ಧಿ ಬೇಕಿಲ್ಲ, ಮೊಟ್ಟೆಯ ಭಂಡಾರ ಹಳದಿಯಾದರೆ ಸಾಕು. ಮನುಷ್ಯರ ಮಾತ್ರೆಗಾದರೆ ಕ್ಷಾರ ಹಾಕಿ ಕೊಬ್ಬಿನಾಮ್ಲ ಬಿಡಿಸಿ (ಸಾಬೂನು ಮಾಡೋ ಕ್ರಿಯೆಯೇ ಇದು), ಲ್ಯೂಟೀನನ್ನ ಹರಳು ಮಾಡ್ತಾರೆ. ದ್ರಾವಕದ ಚೂರೂ ಉಳಿಯಬಾರದು, ಕೀಟನಾಶಕದ ಶೇಷ ಇರಬಾರದು, ಸೀಸ, ಆರ್ಸೆನಿಕ್ ಇರಬಾರದು. ಬ್ಯಾಚ್ ಬ್ಯಾಚಿಗೂ ಟೆಸ್ಟ್.

ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. ಹಸಿ ಹೂವಿನಲ್ಲಿ ಬಹುಪಾಲು ನೀರು. ಸುಮಾರು 10 ಕಿಲೋ ಹಸಿ ಹೂವಿಗೆ 1 ಕಿಲೋ ಒಣ ಪುಡಿ ಅಂತಿಟ್ಟುಕೊಳ್ಳಿ. ಒಳ್ಳೆ ಪುಡಿಯಾದರೆ ಕಿಲೋಗೆ 10ರಿಂದ 20 ಗ್ರಾಂ ಲ್ಯೂಟೀನ್ ಗುಂಪಿನ ಬಣ್ಣ ಇರುತ್ತೆ. ಅಂದರೆ 1 ಟನ್ ಹಸಿ ಹೂವಿಗೆ 100 ಕಿಲೋ ಪುಡಿ, ಅದರಲ್ಲಿ 1ರಿಂದ 2 ಕಿಲೋ ಬಣ್ಣ. ಕಣ್ಣಿನ ಮಾತ್ರೆಯಲ್ಲಿ ಸಾಮಾನ್ಯವಾಗಿ ಹಾಕೋದು 10 ಮಿಲಿಗ್ರಾಂ. 1 ಕಿಲೋಗೆ 10 ಮಿಲಿಗ್ರಾಂನಂತೆ ಭಾಗಿಸಿ ನೋಡಿ: 1 ಲಕ್ಷ ಮಾತ್ರೆ. ದಾರಿಯಲ್ಲಿ ಅರ್ಧ ನಷ್ಟ ಆಯ್ತು ಅಂದರೂ 50 ಸಾವಿರ. ಡಬ್ಬಿಯ ಬೆಲೆ ನಿಮ್ಮ ಫೋನಲ್ಲೇ ನೋಡಿಕೊಳ್ಳಿ, ಟನ್ ಹೂವಿಗೆ ನಿಮ್ಮ ಕೈಗೆ ಬಂದದ್ದು ನಿಮಗೇ ಗೊತ್ತು.

ನಡುವಿನ ದುಡ್ಡೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋ ವಿಡಿಯೋಗಳು ಬೇಕಾದಷ್ಟಿವೆ, ಅವು ಸುಳ್ಳು. ಸೈಲೋ, ಡ್ರೈಯರ್, ದ್ರಾವಕದ ಯಂತ್ರ, ಲ್ಯಾಬ್, ಬೇರೆ ದೇಶದ ಪರವಾನಗಿ ಎಲ್ಲಕ್ಕೂ ಖರ್ಚಿದೆ. ಮಾತ್ರೆ ಮಾರೋನಿಗೆ ಜಾಹೀರಾತಿನ ಖರ್ಚು ಅದಕ್ಕಿಂತ ಜಾಸ್ತಿ. ನಾನು ಕೇಳೋದು ಒಂದೇ: ಫ್ಯಾಕ್ಟರಿ ಕೊಳ್ಳೋದು ಲ್ಯೂಟೀನ್, ನಮಗೆ ಕೊಡೋದು ಕಿಲೋ ಹೂವಿನ ರೇಟು. ಇದು ಯಾಕೆ? ಕಬ್ಬಿಗೆ ಇಳುವರಿ ಅಂದರೆ ಸಕ್ಕರೆ ಅಂಶ ನೋಡ್ತಾರೆ, ಹಾಲಿಗೆ ಫ್ಯಾಟ್ ನೋಡ್ತಾರೆ. ಡೇರಿಗೆ ಹಾಲು ಹಾಕೋ ನಮ್ಮಮ್ಮನಿಗೂ ‘ಇವತ್ತು ಡಿಗ್ರಿ ಎಷ್ಟು ಬಂತು’ ಅಂತ ಕೇಳೋದು ಗೊತ್ತು. ಹೂವು ಹಾಕೋ ನಾವು ಕೇಳಿದ್ದೀವಾ?

ನನಗೇ ಆದದ್ದು ಹೇಳ್ತೀನಿ. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡೀತು. ಸೆಂಟರಿಗೆ ಹೂವು ತಗೊಂಡು ಹೋದರೆ ಅಲ್ಲಿದ್ದವನು ಮೂಟೆಗೆ ಕೈ ಹಾಕಿ ಒಂದು ಹಿಡಿ ಹಿಸುಕಿ, ‘ನೀರಿದೆ, ನೂರಕ್ಕೆ ಹತ್ತು ಕಡಿತ’ ಅಂದ. ಹಿಂದಿನವನದ್ದಕ್ಕೆ ಹದಿನೈದು. ಯಂತ್ರ ಇಲ್ಲ, ಚೀಟಿ ಇಲ್ಲ, ಕೈಯೇ ಮೀಟರ್. ಮಳೆ ಹೂವಲ್ಲಿ ನೀರು ಇರುತ್ತೆ, ನಿಜ, ಕಡಿತ ಮಾಡೋದರಲ್ಲೂ ನ್ಯಾಯ ಇದೆ. ಆದರೆ ಹಾಗಿದ್ದರೆ ಬಿಸಿಲಲ್ಲಿ ಪೂರ್ತಿ ಅರಳಿದ, ತೊಟ್ಟು ಕಮ್ಮಿ ಇರೋ, ಕಡು ಬಣ್ಣದ ಹೂವಿಗೆ ನೂರಕ್ಕೆ ಹತ್ತು ಜಾಸ್ತಿ ಕೊಡಬೇಕಲ್ಲ? ಅದನ್ನ ಯಾರೂ ಕೊಡಲಿಲ್ಲ. ಗುಣ ಕಮ್ಮಿ ಅಂದಾಗ ಅಳೀತಾರೆ, ಜಾಸ್ತಿ ಇದ್ದಾಗ ಬರೀ ತೂಕ ಹಾಕ್ತಾರೆ.

ನಮ್ಮ ಕಡೆಯ ತಪ್ಪೂ ಇದೆ. ಓಣಂ ಹತ್ತಿರ ಬಂದಾಗ ಕೇರಳದವರು ಬಂದು ರೇಟು ಏರಿಸಿದ ತಕ್ಷಣ, ಕಂಪನಿ ಬೀಜ ತಗೊಂಡು ಬೆಳೆದ ಹೂವನ್ನ ರಾತ್ರೋರಾತ್ರಿ ಆ ಲಾರಿಗೆ ತುಂಬೋರು ನಮ್ಮಲ್ಲೇ ಇದ್ದಾರೆ. ಅರ್ಧ ಅರಳಿದ್ದನ್ನ, ಕಾಂಡ ಸಮೇತ ಕಿತ್ತು ತೂಕ ಮಾಡೋರೂ ಇದ್ದಾರೆ. ಲ್ಯೂಟೀನ್ ತುಂಬೋದು ದಳ ಬೆಳೆದು ಪೂರ್ತಿ ಅರಳೋ ಹೊತ್ತಿಗೆ. ಹಸಿರು ತೊಟ್ಟಿನಿಂದ ತೂಕ ಬರುತ್ತೆ, ಬಣ್ಣ ಬರಲ್ಲ. ಕಿತ್ತು ರಾಶಿ ಹಾಕಿ ಕಾವು ಬರಿಸಿದರೆ ಇರೋ ಬಣ್ಣವೂ ಹಾಳು. ಕೈಯಲ್ಲಿ ಹಿಸುಕಿ ಅಳೆಯೋದು ತಪ್ಪು ಅಂತ ಹೇಳಬೇಕಾದರೆ ನಮ್ಮ ಮೂಟೆಯೂ ಸರಿ ಇರಬೇಕು.

ಕಣ್ಣಿನ ಡಾಕ್ಟರು ಏನು ಕಂಡುಹಿಡಿದರು

ಈ ಲ್ಯೂಟೀನ್ ಕಣ್ಣಿಗೆ ಒಳ್ಳೇದು ಅನ್ನೋ ಮಾತು ಎಲ್ಲಿಂದ ಬಂತು? ನಮ್ಮ ಕಣ್ಣಿನ ಹಿಂಭಾಗದಲ್ಲಿ ಮ್ಯಾಕುಲಾ ಅನ್ನೋ ಸಣ್ಣ ಹಳದಿ ಜಾಗ ಇದೆ. ಅಕ್ಷರ ಓದೋಕೆ, ಮುಖ ಗುರುತಿಸೋಕೆ ಅದೇ ಬೇಕು. ಆ ಹಳದಿ ಬಣ್ಣ ಅಂದರೆ ಲ್ಯೂಟೀನ್ ಮತ್ತು ಅದರ ತಮ್ಮ ಝಿಯಾಕ್ಸಾಂಥಿನ್. ವಯಸ್ಸಾದವರಲ್ಲಿ ಈ ಜಾಗ ಸವೆಯೋ ರೋಗ ಇದೆ. ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯವರು 4,000ಕ್ಕೂ ಹೆಚ್ಚು ಜನರ ಮೇಲೆ ಐದು ವರ್ಷ ಪರೀಕ್ಷೆ ಮಾಡಿ 2013ರಲ್ಲಿ ಫಲಿತಾಂಶ ಹೇಳಿದರು. ದಿನಕ್ಕೆ 10 ಮಿಲಿಗ್ರಾಂ ಲ್ಯೂಟೀನ್, 2 ಮಿಲಿಗ್ರಾಂ ಝಿಯಾಕ್ಸಾಂಥಿನ್. ಆಗಲೇ ಬಳಕೆಯಲ್ಲಿದ್ದ ವಿಟಮಿನ್ ಮಾತ್ರೆಯ ಜೊತೆ ಇದನ್ನ ಸೇರಿಸಿದ್ದರಿಂದ ಒಟ್ಟಾರೆ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ಹಳೆ ಮಾತ್ರೆಯಲ್ಲಿದ್ದ ಬೀಟಾ ಕ್ಯಾರೊಟಿನ್ ಬೀಡಿ ಸಿಗರೇಟು ಸೇದಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸ್ತಿತ್ತು. ಅದನ್ನ ತೆಗೆದು ಲ್ಯೂಟೀನ್ ಹಾಕಬಹುದು ಅಂತ ಗೊತ್ತಾಯ್ತು. ಅದೇ ಜನರನ್ನ ಹತ್ತು ವರ್ಷದವರೆಗೆ ನೋಡಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೀಟಾ ಕ್ಯಾರೊಟಿನ್ ತಗೊಂಡವರಿಗಿಂತ ಲ್ಯೂಟೀನ್ ಗುಂಪಿನವರಲ್ಲಿ ರೋಗ ಕೊನೇ ಹಂತಕ್ಕೆ ಹೋಗೋದು ನೂರಕ್ಕೆ ಸುಮಾರು 20ರಷ್ಟು ಕಮ್ಮಿ ಕಂಡಿತು.

ಇನ್ನು ಪೊರೆ, ಅಂದರೆ ಕ್ಯಾಟರಾಕ್ಟ್. ಅದೇ ಪರೀಕ್ಷೆಯಲ್ಲಿ ಪೊರೆ ಆಪರೇಷನ್ ಬೇಕಾಗೋದನ್ನ ಲ್ಯೂಟೀನ್ ತಪ್ಪಿಸುತ್ತಾ ಅಂತಲೂ ನೋಡಿದರು. ಒಟ್ಟಾರೆ ಇಲ್ಲ. ಪೊರೆ ಬಂದರೆ ಸರ್ಜನ್ ಹತ್ತಿರ ಹೋಗಿ ಮಸುಕಾದ ಲೆನ್ಸ್ ತೆಗೆಸಿ ಹೊಸದು ಹಾಕಿಸಿಕೊಳ್ಳಬೇಕು, ಅಷ್ಟೇ. ಯಾಕೆ ಹೇಳ್ತೀನಿ ಅಂದರೆ, ನಮ್ಮದೇ ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲಿ ‘ಚೆಂಡು ಹೂವಿನ ಕಷಾಯ ಕುಡಿದರೆ ಪೊರೆ ಕರಗುತ್ತೆ’ ಅನ್ನೋ ಥರದ್ದನ್ನ ಫಾರ್ವರ್ಡ್ ಮಾಡ್ತಾರೆ. ಹೂವು ಬೆಳೆಯೋರು ನಾವೇ ಅದನ್ನ ನಂಬಿ ಅಜ್ಜಿಯ ಆಪರೇಷನ್ ಮುಂದೆ ಹಾಕಿದರೆ ಹೇಗೆ? ಲ್ಯೂಟೀನ್ ಬೇಕು ಅನ್ನೋರಿಗೆ ಸೊಪ್ಪು ಸಾರು ಇದೆ. ಬಸ್ಸಾರಿಗಿಂತ ಅಗ್ಗದ ಕಣ್ಣಿನ ಟಾನಿಕ್ ನನಗಂತೂ ಗೊತ್ತಿಲ್ಲ.

ಅರಿಶಿನ: ನಾವು ಗೆದ್ದ ಕೇಸು, ನಮಗೆ ಸಿಗದ ಲಾಭ

ಅರಿಶಿನದ ಪೇಟೆಂಟ್ ಕತೆ ನಿಮಗೆಲ್ಲ ಅಷ್ಟಿಷ್ಟು ಗೊತ್ತಿರುತ್ತೆ. ಆಗಸ್ಟ್ 15 ಬಂದರೆ ಸ್ಟೇಟಸ್‌ನಲ್ಲಿ ಓಡಾಡುತ್ತೆ. ಪೂರ್ತಿ ಕತೆ ಹೀಗಿದೆ. ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರಿನಲ್ಲಿದ್ದ ಸುಮನ್ ದಾಸ್ ಅನ್ನೋ ಪ್ಲಾಸ್ಟಿಕ್ ಸರ್ಜನ್ ಮತ್ತು ಹರಿಹರ ಕೊಹ್ಲಿ ಅನ್ನೋ ಸಂಶೋಧಕರು ಗಾಯ ಮಾಯಿಸೋಕೆ ಅರಿಶಿನದ ಪುಡಿ ಬಳಸೋ ವಿಧಾನಕ್ಕೆ 1995ರ ಮಾರ್ಚಿನಲ್ಲಿ ಪೇಟೆಂಟ್ ಪಡೆದರು. ಹೊಟ್ಟೆಗೆ ಕೊಡೋದು, ಮೇಲೆ ಹಚ್ಚೋದು, ಆಪರೇಷನ್ ಗಾಯ, ಹುಣ್ಣು ಎಲ್ಲಾ ಅದರಲ್ಲಿ ಬಂದಿತ್ತು. ಇಬ್ಬರೂ ಭಾರತ ಮೂಲದವರೇ. ಅವರ ಮನೆಯಲ್ಲೂ ಅಜ್ಜಿ ಅರಿಶಿನ ಹಚ್ಚಿರುತ್ತಾಳೆ ಅಂತ ನನಗೆ ಅನುಮಾನ. ದೆಹಲಿಯ ಸಿಎಸ್‌ಐಆರ್ 1996ರಲ್ಲಿ ಅದನ್ನ ಪ್ರಶ್ನೆ ಮಾಡಿತು. ಆಗ ಅದರ ಮುಖ್ಯಸ್ಥರು ಆರ್.ಎ. ಮಾಶೆಲ್ಕರ್. ಸಂಸ್ಕೃತ, ಉರ್ದು, ಹಿಂದಿ ಪುಸ್ತಕಗಳಿಂದ, 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಿಂದ, ಒಟ್ಟು 32 ದಾಖಲೆ ಕೊಟ್ಟರು. 1997ರಲ್ಲಿ ಪೇಟೆಂಟ್ ಕಚೇರಿ ಆ ಹಕ್ಕುಗಳನ್ನ ತಳ್ಳಿಹಾಕಿತು.

ಒಳ್ಳೇದಾಯ್ತು. ಆದರೆ ಆ ಕೇಸಿನಲ್ಲಿ ತೀರ್ಮಾನ ಆದದ್ದು ‘ಇದು ಹೊಸದಲ್ಲ’ ಅಂತ ಮಾತ್ರ. ಅರಿಶಿನ ಎಲ್ಲಾ ಗಾಯ ಮಾಯಿಸುತ್ತೆ ಅಂತ ಅಲ್ಲಿ ಯಾರೂ ಸಾಬೀತು ಮಾಡಲಿಲ್ಲ, ಅದು ಆ ಕಚೇರಿಯ ಕೆಲಸವೂ ಅಲ್ಲ. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೀವಿ.

ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಹೆಬ್ಬೆರಳ ಹತ್ತಿರ ಕಲ್ಲು ಚುಚ್ಚಿ ಗಾಯ ಆಯ್ತು. ಮನೆಯಲ್ಲೇ ಬೆಳೆದ ಅರಿಶಿನ, ನಂಬಿಕೆ ಇಲ್ಲದೆ ಇರುತ್ತಾ? ಪುಡಿ ತುಂಬಿ ಬಟ್ಟೆ ಕಟ್ಟಿಕೊಂಡು ಮೂರು ವಾರ ಹೊಲಕ್ಕೆ ಓಡಾಡಿದರು. ಸಕ್ಕರೆ ಇರೋರಿಗೆ ಪಾದದ ನರ ಸತ್ತಿರುತ್ತೆ, ನೋವು ಗೊತ್ತಾಗಲ್ಲ. ಮೇಲೆ ಹಳದಿ ಪುಡಿ ಮುಚ್ಚಿದ್ದರಿಂದ ಒಳಗೆ ಕಪ್ಪಾಗಿದ್ದು ಯಾರಿಗೂ ಕಾಣಲಿಲ್ಲ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಎರಡು ಬೆರಳು ತೆಗೆದರು. ‘ಮೊದಲನೇ ವಾರ ಬಂದಿದ್ದರೆ ಕ್ಲೀನ್ ಮಾಡಿ ಕಳಿಸ್ತಿದ್ದೆ’ ಅಂದರು. ಕೆಟ್ಟ ಮಾಂಸ ತೆಗೆದು, ರಕ್ತ ಓಡೋ ಹಾಗೆ ಮಾಡಿ, ಸಕ್ಕರೆ ಇಳಿಸಿದರೆ ಗಾಯ ಮಾಯುತ್ತೆ. ಆ ಕೆಲಸ ಪುಡಿ ಮಾಡಲ್ಲ. ಅಡುಗೆ ಮನೆಯಲ್ಲಿ ಈಳಿಗೆಮಣೆ ತಾಗಿದ ಗಾಯಕ್ಕೆ ಹಚ್ಚಿಕೊಳ್ಳಿ, ನಾನೂ ಹಚ್ಚಿಕೊಳ್ತೀನಿ. ಸಕ್ಕರೆ ಇರೋರ ಪಾದಕ್ಕೆ ಬೇಡ.

ಈಗ ಕರ್ಕ್ಯುಮಿನ್‌ಗೆ ಬರೋಣ. ಅರಿಶಿನದ ಹಳದಿ ಅಂದರೆ ಒಂದಕ್ಕೊಂದು ಹತ್ತಿರದ ಮೂರು ವಸ್ತುಗಳು, ಅವುಗಳಲ್ಲಿ ಮುಖ್ಯವಾದದ್ದು ಇದು. ಸಾವಿರಾರು ಪೇಪರ್ ಇದರ ಮೇಲೆ ಬಂದಿವೆ. ತೊಂದರೆ ಏನು ಅಂದರೆ ನೀರಲ್ಲಿ ಕರಗಲ್ಲ, ಕರುಳಿನಿಂದ ರಕ್ತಕ್ಕೆ ಹೋಗೋದು ಬಹಳ ಕಮ್ಮಿ, ಹೋದದ್ದನ್ನೂ ಲಿವರ್ ಬೇಗ ಹೊರಗೆ ಹಾಕುತ್ತೆ. ಈ ವಿಷಯದಲ್ಲಿ ಪ್ರಪಂಚ ಎಲ್ಲಾ ಉದಾಹರಿಸೋ ಒಂದು ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. 1998ರಲ್ಲಿ ಪ್ರಕಟವಾಯ್ತು. ಜನರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರೆ ರಕ್ತದಲ್ಲಿ ಕಂಡೂ ಕಾಣದಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ವಸ್ತು ಕೊಟ್ಟರೆ ದೇಹಕ್ಕೆ ಸಿಗೋದು ಶೇಕಡಾ 2,000ದಷ್ಟು ಏರಿತು. ಇವತ್ತು ಅಂಗಡಿಯಲ್ಲಿ ಸಿಗೋ ಎಷ್ಟೋ ಅರಿಶಿನ ಮಾತ್ರೆಗಳಲ್ಲಿ ಮೆಣಸಿನ ಸಾರ ಇರೋದು ಅದಕ್ಕೇ. ಬಿಳಿಗಿರಿರಂಗನ ಬೆಟ್ಟದ ಮೆಣಸು, ಬಯಲಿನ ಅರಿಶಿನ, ಎರಡೂ ನಮ್ಮ ಜಿಲ್ಲೆಯವೇ ನೋಡಿ.

ಅಷ್ಟಾದ ಮೇಲೂ, 2017ರಲ್ಲಿ ಔಷಧ ರಸಾಯನಶಾಸ್ತ್ರದ ಒಂದು ದೊಡ್ಡ ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳು ಎಲ್ಲಾ ಕೆಲಸವನ್ನೂ ಒರೆಗೆ ಹಚ್ಚಿ, ಕರ್ಕ್ಯುಮಿನ್ ಲ್ಯಾಬಿನ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ತೋರಿಸೋ ಗುಣದ್ದು, ಔಷಧವಾಗಿ ಗೆದ್ದಿಲ್ಲ ಅಂತ ಬರೆದರು. ಅದನ್ನ ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಇನ್ನೊಂದು ಕಡೆ, ಮೆಣಸಿನ ಸಾರ ಸೇರಿಸಿದ ಗಟ್ಟಿ ಮಾತ್ರೆ ತಗೊಂಡ ಕೆಲವರಿಗೆ ಲಿವರ್‌ಗೆ ಪೆಟ್ಟಾದ ವರದಿಗಳು ಇಟಲಿ, ಅಮೆರಿಕದಿಂದ ಬಂದಿವೆ. ಸಾರಿನ ಅರಿಶಿನಕ್ಕೆ ಹೆದರಬೇಕಿಲ್ಲ, ಮಾತ್ರೆಯ ವಿಷಯ ಬೇರೆ. ಆಪರೇಷನ್‌ಗೆ ಹೋಗೋರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಇಂಥ ಡಬ್ಬಿ ಬಳಸ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ‘ಬರೀ ಅರಿಶಿನ ತಾನೇ’ ಅಂತ ಮುಚ್ಚಿಡಬೇಡಿ.

ಇದನ್ನೆಲ್ಲ ಅರಿಶಿನ ಬೆಳೆಗಾರನೇ ಯಾಕೆ ಬರೀಬೇಕು, ವ್ಯಾಪಾರ ಕೆಡಲ್ವಾ ಅಂತ ಒಬ್ಬ ಸ್ನೇಹಿತ ಕೇಳಿದ. ಕೆಡಲ್ಲ. ಅಡುಗೆಗೆ, ಬಣ್ಣಕ್ಕೆ, ಪೂಜೆಗೆ ಅರಿಶಿನ ಬೇಕೇ ಬೇಕು. ಕೆಡೋದು ಪವಾಡದ ಹೆಸರಲ್ಲಿ ಮಾರಿ ಒಂದು ದಿನ ಸಿಕ್ಕಿಹಾಕಿಕೊಂಡಾಗ. ಬಾಂಗ್ಲಾದೇಶ ನೋಡಿ. ಅಲ್ಲಿ ಅರಿಶಿನದ ಕೊಂಬಿಗೆ ಪಾಲಿಶ್ ಮಾಡೋವಾಗ ಸೀಸದ ಕ್ರೋಮೇಟ್ ಅನ್ನೋ ಹಳದಿ ಬಣ್ಣ ಹಾಕ್ತಿದ್ದರು. ಗರ್ಭಿಣಿಯರ ರಕ್ತದಲ್ಲಿ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ಹೊರಟ ವಿಜ್ಞಾನಿಗಳು 2019ರಲ್ಲಿ ಅರಿಶಿನದ ಹತ್ತಿರ ಬಂದು ನಿಂತರು. ಮಕ್ಕಳ ಮೆದುಳಿಗೆ ಸೀಸಕ್ಕಿಂತ ಕೆಟ್ಟದ್ದು ಕಮ್ಮಿ. ಸರ್ಕಾರ ಮಾರುಕಟ್ಟೆಗೆ ಯಂತ್ರ ಹಿಡಿದು ಬಂತು, ದಂಡ ಹಾಕಿತು. 2019ರಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಇದ್ದದ್ದು 2021ಕ್ಕೆ ಸೊನ್ನೆಗೆ ಬಂತು. ಭಾರತದ ಕೆಲವು ನಗರಗಳ ಮಾದರಿಯಲ್ಲೂ ಆಮೇಲೆ ಸೀಸ ಸಿಕ್ಕಿದೆ. ಬಣ್ಣ ಹಾಕೋದು ನಾವಲ್ಲ, ಆದರೆ ಹೊಳಪು ನೋಡಿ ರೇಟು ಕೊಡೋ ಪದ್ಧತಿ ಇರೋವರೆಗೂ ಯಾರೋ ಒಬ್ಬ ಹಾಕ್ತಾನೆ. ಕರ್ಕ್ಯುಮಿನ್ ನೋಡಿ ರೇಟು ಕೊಟ್ಟರೆ ಬಣ್ಣ ಹಚ್ಚಿ ಪ್ರಯೋಜನ ಇಲ್ಲ. ಟೆಸ್ಟ್ ಬೇಕು ಅನ್ನೋದಕ್ಕೆ ನನ್ನ ಹತ್ತಿರ ಇರೋ ದೊಡ್ಡ ಕಾರಣ ಇದೇ.

ತಳಿಯ ವಿಷಯಕ್ಕೆ ಬಂದರೆ, ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಪ್ರತಿಭಾದಲ್ಲಿ ಶೇಕಡಾ 6.2, ಪ್ರಭಾದಲ್ಲಿ 6.5 ಕರ್ಕ್ಯುಮಿನ್ ಅಂತ ದಾಖಲೆ ಇದೆ. ಈರೋಡ್ ಲೋಕಲ್‌ನಂಥ ತಳಿಗಳಲ್ಲಿ ಸಾಮಾನ್ಯವಾಗಿ 3, 4ರ ಆಸುಪಾಸು. ಒಂದು ಕ್ವಿಂಟಲ್ ಒಣ ಅರಿಶಿನದಲ್ಲಿ ಒಬ್ಬನದ್ದು 3 ಕಿಲೋ, ಇನ್ನೊಬ್ಬನದ್ದು 6 ಕಿಲೋ. ಸಾರ ತೆಗೆಯೋ ಫ್ಯಾಕ್ಟರಿಗೆ ಮೂಟೆ ಅದೇ, ಕೂಲಿ ಅದೇ, ದ್ರಾವಕ ಹೆಚ್ಚುಕಮ್ಮಿ ಅದೇ, ಮಾಲು ಮಾತ್ರ ಎರಡರಷ್ಟು. ಈರೋಡಿನ ಮಾರುಕಟ್ಟೆಗೆ ಲಾರಿ ಕಟ್ಟಿಕೊಂಡು ಹೋದ ನಮ್ಮವರಿಗೆ ಸಿಗೋ ರೇಟು ಕೊಂಬಿನ ಗಾತ್ರ, ಹೊಳಪು, ಮುರಿದಾಗ ಕಾಣೋ ಬಣ್ಣದ ಮೇಲೆ. ಕಣ್ಣಂದಾಜು ಅನುಭವಸ್ಥರದ್ದೇ, ಅದನ್ನ ಹೀಗಳೆಯಲ್ಲ. ಆದರೆ ಕಣ್ಣಿಗೆ 3 ಮತ್ತು 6ರ ವ್ಯತ್ಯಾಸ ಗೊತ್ತಾಗಬಹುದು, 4.5 ಮತ್ತು 5.5ರದ್ದು ಗೊತ್ತಾಗಲ್ಲ. ಕ್ವಿಂಟಲಿಗೆ ಆ 1 ಕಿಲೋ ಯಾರ ಜೇಬಿಗೆ ಹೋಗುತ್ತೆ?

ಹಾಗಂತ ನಾಳೆಯೇ ಎಲ್ಲರೂ ಪ್ರತಿಭಾ ಹಾಕಿ ಅಂತ ನಾನು ಹೇಳಲ್ಲ. ಕೋಯಿಕ್ಕೋಡಿನ ಮಣ್ಣು, ಮಳೆಯಲ್ಲಿ ಬಂದ 6.2 ನಮ್ಮ ಬೇಗೂರು, ತೆರಕಣಾಂಬಿ ಕಡೆ ಅಷ್ಟೇ ಬರಬೇಕು ಅಂತ ಇಲ್ಲ. ಕರ್ಕ್ಯುಮಿನ್ ತಳಿಯ ಜೊತೆಗೆ ಮಣ್ಣು, ನೀರು, ಕೊಯ್ಲಿನ ಹೊತ್ತು, ಬೇಯಿಸೋ ರೀತಿ ಎಲ್ಲದರ ಮೇಲೂ ನಿಂತಿದೆ. ಅತಿ ಬೇಯಿಸಿದರೆ ಬಣ್ಣ ಕೆಡುತ್ತೆ, ಕಮ್ಮಿ ಬೇಯಿಸಿದರೆ ಕೊಂಬು ಪುಡಿಯಾಗುತ್ತೆ. ಕರ್ಕ್ಯುಮಿನ್‌ಗೆ ಬೆಳಕು ಆಗಲ್ಲ, ಅಂಗಳದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಳೆದುಕೊಳ್ತೀರಿ. ಮೊದಲು ಹತ್ತು ಗುಂಟೆಯಲ್ಲಿ ಹಾಕಿ, ಪಕ್ಕದಲ್ಲೇ ನಿಮ್ಮ ಹಳೇ ತಳಿ ಹಾಕಿ, ಎರಡರ ಒಣ ತೂಕ ಮತ್ತು ಎರಡರ ರಿಪೋರ್ಟು ಒಟ್ಟಿಗೆ ನೋಡಿ. ಕರ್ಕ್ಯುಮಿನ್ ಜಾಸ್ತಿ ಇದ್ದರೂ ಅದಕ್ಕೆ ದುಡ್ಡು ಕೊಡೋ ಖರೀದಿದಾರ ಸಿಗದಿದ್ದರೆ, ಒಣ ತೂಕ ಜಾಸ್ತಿ ಬರೋ ತಳಿಯೇ ಬುದ್ಧಿವಂತಿಕೆ.

ಹಾಗಾದರೆ ಏನು ಮಾಡೋದು

ಒಬ್ಬನೇ ಹೋಗಿ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ, ಅದು ನಿಜ. ಹತ್ತು ಮೂಟೆಯವನಿಗೋಸ್ಕರ ಯಾರೂ ಲ್ಯಾಬ್ ಇಡಲ್ಲ. ಒಂದು ಊರಿನ ಇಪ್ಪತ್ತು ಮೂವತ್ತು ಮನೆಯವರು, ಅಥವಾ ಇರೋ ರೈತ ಉತ್ಪಾದಕ ಕಂಪನಿಯವರು ಸೇರಿ ಒಂದೇ ತಳಿ, ಒಂದೇ ಥರ ಬೇಯಿಸಿದ ಮಾಲಿನಿಂದ ಒಂದು ಮಾದರಿ ಕಳಿಸಬಹುದು. ಖರ್ಚು ಹಂಚಿದರೆ ಒಬ್ಬರಿಗೆ ಒಂದು ಸಲದ ರೀಚಾರ್ಜಿಗಿಂತ ಹೆಚ್ಚಾಗಲಿಕ್ಕಿಲ್ಲ. ಮಾದರಿ ತೆಗೆಯೋದರಲ್ಲೇ ಎಲ್ಲರೂ ಎಡವೋದು. ಮೇಲಿನ ಮೂಟೆಯ ಚೆಂದದ ಕೊಂಬು ಆರಿಸಿ ಕಳಿಸಿದರೆ ರಿಪೋರ್ಟು ಚೆನ್ನಾಗಿ ಬರುತ್ತೆ, ಖರೀದಿದಾರ ಮತ್ತೆ ಟೆಸ್ಟ್ ಮಾಡಿದ ದಿನ ಮರ್ಯಾದೆ ಹೋಗುತ್ತೆ. ಹತ್ತು ಮೂಟೆಯ ಮೇಲೆ, ನಡುವೆ, ತಳದಿಂದ ಹಿಡಿ ಹಿಡಿ ತೆಗೆದು, ಚೆನ್ನಾಗಿ ಕಲಸಿ, ಅದರಿಂದ ಒಂದು ಪಾಲು ಕಳಿಸಬೇಕು, ಇನ್ನೊಂದು ಪಾಲು ಸೀಲ್ ಮಾಡಿ ಕತ್ತಲಲ್ಲಿ ಇಟ್ಟುಕೊಳ್ಳಬೇಕು. ಜಗಳ ಬಂದರೆ ಅದೇ ಸಾಕ್ಷಿ.

ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿಗೆ ಕಳಿಸಿ, ಯಾವ ವಿಧಾನ ಅಂತ ಬರೆಸಿಕೊಳ್ಳಿ. ಬೆಳಕು ಹಾಯಿಸಿ ಅಳೆಯೋ ಸ್ಪೆಕ್ಟ್ರೋ ವಿಧಾನ ಎಲ್ಲಾ ಹಳದಿಯನ್ನ ಒಟ್ಟಿಗೆ ಲೆಕ್ಕ ಹಾಕುತ್ತೆ, ಎಚ್‌ಪಿಎಲ್‌ಸಿ ಮೂರನ್ನೂ ಬೇರೆ ಬೇರೆ ತೋರಿಸುತ್ತೆ. ಒಬ್ಬನ ಸ್ಪೆಕ್ಟ್ರೋ ನಂಬರು, ಇನ್ನೊಬ್ಬನ ಎಚ್‌ಪಿಎಲ್‌ಸಿ ನಂಬರು ಹೋಲಿಸಿ ಜಗಳ ಆಡಬೇಡಿ. ತೇವಾಂಶವೂ ರಿಪೋರ್ಟಿನಲ್ಲಿ ಇರಲಿ. ಸೀಸದ ಟೆಸ್ಟ್ ಒಂದು ಸಲ ಮಾಡಿಸಿ ಇಟ್ಟುಕೊಂಡರೆ ಹೊರದೇಶಕ್ಕೆ ಕಳಿಸೋ ಖರೀದಿದಾರರ ಜೊತೆ ಮಾತಾಡೋಕೆ ಒಂದು ಕಾಗದ ಆಯ್ತು. ಸ್ಪ್ರೇ ಮಾಡಿದ ದಿನ, ಔಷಧಿ ಹೆಸರು, ಬಾಟಲಿಯ ಫೋಟೋ ನಿಮ್ಮ ಫೋನಲ್ಲೇ ಒಂದು ಫೋಲ್ಡರ್ ಮಾಡಿ ಇಡಿ. ಔಷಧ ಕಂಪನಿಗೆ ಹೋಗೋ ಮಾಲು ತಿರಸ್ಕಾರ ಆಗೋದು ಬಹಳ ಸಲ ಶೇಷದ ಕಾರಣಕ್ಕೆ, ಆಗ ‘ನಾನು ಹೊಡೆದಿಲ್ಲ’ ಅನ್ನೋ ಮಾತಿಗೆ ಬೆಲೆ ಇಲ್ಲ.

ಚೆಂಡು ಹೂವಿನ ಕರಾರಿಗೆ ಇದೇ ಪ್ರಶ್ನೆ ತಗೊಂಡು ಹೋಗಿ. ಮಳೆ ಹೂವಿನ ಕಡಿತ ಯಾವ ಯಂತ್ರದಿಂದ, ಎಷ್ಟು ತೇವಾಂಶಕ್ಕೆ ಎಷ್ಟು? ಕಾಗದದಲ್ಲಿ ಇರಲಿ. ಬಣ್ಣ ಜಾಸ್ತಿ ಬಂದ ಊರಿಗೆ ಸೀಸನ್ ಕೊನೆಯಲ್ಲಿ ಬೋನಸ್ ಇದೆಯಾ? ದಿನಾ ಪ್ರತಿ ರೈತನ ಮೂಟೆ ಟೆಸ್ಟ್ ಮಾಡೋದು ಆಗದ ಮಾತು, ನನಗೂ ಗೊತ್ತು. ಆದರೆ ಸೆಂಟರಿಗೊಂದು ಮಾದರಿ ತೆಗೆಯೋದು ಕಷ್ಟವಲ್ಲ, ಫ್ಯಾಕ್ಟರಿಯಲ್ಲಿ ಬ್ಯಾಚಿನ ಲೆಕ್ಕ ಅವರ ಹತ್ತಿರ ಹೇಗೂ ಇರುತ್ತೆ. ಆ ಲೆಕ್ಕ ನಮಗೂ ತೋರಿಸಲಿ.

ಸರ್ಕಾರದ ಕಡೆ ನೋಡಿದರೆ, ರಾಷ್ಟ್ರೀಯ ಅರಿಶಿನ ಮಂಡಳಿಯನ್ನ 2023ರಲ್ಲಿ ಘೋಷಿಸಿ 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ಶುರು ಮಾಡಿದ್ದಾರೆ. ತೆಲಂಗಾಣದ ರೈತರು ವರ್ಷಗಟ್ಟಲೆ ಹೋರಾಡಿ ತಗೊಂಡದ್ದು. ಅದರಿಂದ ನಮಗೇನು ಬರುತ್ತೆ ಅಂತ ಕಾಯೋದಕ್ಕಿಂತ, ಚಾಮರಾಜನಗರದ ಎಪಿಎಂಸಿಯಲ್ಲಿ ಕರ್ಕ್ಯುಮಿನ್ ಅಳೆಯೋ ಒಂದು ಯಂತ್ರ ಇಡಿ ಅಂತ ಕೇಳೋದು ನನ್ನ ಪ್ರಕಾರ ಮುಖ್ಯ. ನೂರು ಭಾಷಣಕ್ಕಿಂತ ಒಂದು ಯಂತ್ರ. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ, ಅರಿಶಿನ, ಲ್ಯೂಟೀನ್ ಎರಡರ ಮೇಲೂ ಅಲ್ಲಿಯ ವಿಜ್ಞಾನಿಗಳು ಕೆಲಸ ಮಾಡಿದ್ದಾರೆ. ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬಸ್ಸಿನಲ್ಲಿ ಹೋಗಿಬರೋ ದೂರ. ನಮ್ಮೂರಿನ ಹುಡುಗರು ಹೋಗಿ ‘ನಮ್ಮ ಹೊಲದ ಅರಿಶಿನದಲ್ಲಿ ಎಷ್ಟಿದೆ’ ಅಂತ ಕೇಳಿದ್ದು ನಾನು ಇನ್ನೂ ನೋಡಿಲ್ಲ. ಬೈಕಿನ ಮೈಲೇಜ್ ಪಾಯಿಂಟ್ ಲೆಕ್ಕದಲ್ಲಿ ಹೇಳ್ತಾರೆ, ಅದು ಮಾತ್ರ ನಿಜ.

ನಾವು ಎಂಟು ಮನೆಯವರು ಈ ಸಲ ಬೇಯಿಸೋ ಮೊದಲೇ ಮಾತಾಡಿಕೊಂಡಿದ್ದೀವಿ. ಎರಡು ತಳಿ, ಎರಡು ಮಾದರಿ, ಒಂದೇ ಲ್ಯಾಬ್, ಎಚ್‌ಪಿಎಲ್‌ಸಿ. ಕಮ್ಮಿ ಬಂದರೂ ಜಾಸ್ತಿ ಬಂದರೂ ನಂಬರು ಇಲ್ಲೇ ಹಾಕ್ತೀನಿ. ಕಡಿಮೆ ಬಂದರೆ ನಗಬೇಡಿ, ನಿಮ್ಮದನ್ನೂ ಕಳಿಸಿ.